ಒಲ್ಲೆ ಎನ್ನುವ ಕಡತ



ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದ ಕೂಡಲೇ ಈ ತಿಂಗಳ ಅಕ್ಕಿ ನಿಮಗೆ ಸಲ್ಲಬೇಕೋ ಆಗಲೇ ಸಂದಿದೆಯೋ ಎಂಬುದು ತಿಳಿದುಬಿಡುತ್ತದೆ. ಹುಬ್ಬಳ್ಳಿಯಲ್ಲಿ ಒಬ್ಬರಿಗೆ ಕೊಟ್ಟ ರೈಲಿನ ಬರ್ತನ್ನು ಅದೇ ದಿನ, ಅದೇ ಗಾಡಿಗೆ ಮೈಸೂರಿನಲ್ಲಿ ಇನ್ನೊಬ್ಬರಿಗೆ ಕೊಡುವುದಿಲ್ಲ. ನೀವು ಅಂಗಡಿಯವರಿಗೆ ಫೋನಿನಿಂದ ಕಳಿಸಿದ 200 ರೂಪಾಯಿ ನಿಮ್ಮ ಖಾತೆಯಲ್ಲಿ ಕಳೆದು ಅವರ ಖಾತೆಯಲ್ಲಿ ಕೂಡುತ್ತದೆ. ಈ ಎಲ್ಲ ಕೆಲಸಗಳ ಹಿಂದೆ ಇರುವುದು ಡೇಟಾಬೇಸ್. ಅದನ್ನು ಹಗಲಿರುಳು ಕಾಯುವ ತಂತ್ರಾಂಶಕ್ಕೆ ಡೇಟಾಬೇಸ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂದು ಹೆಸರು. ಕಂಪ್ಯೂಟರಿನವರ ಬಾಯಲ್ಲಿ ಅದು ಡಿಬಿಎಂಎಸ್. ಇವತ್ತಿನ ನನ್ನ ಮಾತು ಇದನ್ನು ಕುರಿತದ್ದು.

ಒಂದಕ್ಕೊಂದು ಸಂಬಂಧವಿರುವ ಮಾಹಿತಿಯ ವ್ಯವಸ್ಥಿತ ಸಂಗ್ರಹವೇ ಡೇಟಾಬೇಸ್ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ತಪ್ಪೇನಿಲ್ಲ. ಆದರೆ ಸಂಗ್ರಹ ಎಂದೊಡನೆ ನಮ್ಮ ಮನಸ್ಸು ರಾಶಿಯ ಕಡೆಗೆ ಹೋಗುತ್ತದೆ: ಎಷ್ಟು ದೊಡ್ಡದು, ಎಷ್ಟು ಕೋಟಿ ದಾಖಲೆ, ಎಷ್ಟು ವೇಗ. ಈ ವಿಷಯವನ್ನು ಪ್ರೀತಿಯಿಂದ ಓದಿದವನಾಗಿ ನನಗೆ ಅನ್ನಿಸಿರುವುದು ಬೇರೆ. ಡಿಬಿಎಂಎಸ್‌ನ ಹಿರಿಮೆ ಇರುವುದು ಅದು ಏನನ್ನು ಒಲ್ಲೆ ಎನ್ನುತ್ತದೆ ಎಂಬುದರಲ್ಲಿ. ಒಂದೇ ವಸ್ತುವಿಗೆ ಎರಡು ದಾಖಲೆ ತಂದರೆ ಒಲ್ಲೆ ಎನ್ನುತ್ತದೆ. ಅರ್ಧ ಮುಗಿದ ವ್ಯವಹಾರವನ್ನು ಒಲ್ಲೆ ಎನ್ನುತ್ತದೆ. ಅಧಿಕಾರವಿಲ್ಲದ ಕೈ ತಿದ್ದಲು ಬಂದರೆ ಒಲ್ಲೆ ಎನ್ನುತ್ತದೆ. ಹೀಗೆ ನಿರಾಕರಿಸುವುದನ್ನು ಯಂತ್ರಕ್ಕೆ ಕಲಿಸಲು ಬಹಳ ಜನ ಬುದ್ಧಿವಂತರು ತಮ್ಮ ಆಯುಷ್ಯ ಸವೆಸಿದ್ದಾರೆ.

ಮಾತು ಗಾಳಿಯಲ್ಲಿ ತೇಲಬಾರದು. ಅದಕ್ಕೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಪಹಣಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಪಹಣಿ ಎಂದರೆ ಜಮೀನಿನ ಹಕ್ಕು, ಗೇಣಿ, ಬೆಳೆ ಇವುಗಳ ಪತ್ರಿಕೆ. ಆರ್‌ಟಿಸಿ ಎಂದರೂ ಅದೇ. ಅದರಲ್ಲಿ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಕಂದಾಯ, ಸ್ವಾಧೀನದಾರರ ಹೆಸರು, ಜಮೀನು ಅವರಿಗೆ ಬಂದ ಬಗೆ, ಅದರ ಮೇಲಿನ ಋಣ, ಬೆಳೆದ ಬೆಳೆ ಎಲ್ಲವೂ ಕಾಲಂ ಕಾಲಂ ಆಗಿ ಇರುತ್ತವೆ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ. 9ನೇ ಕಾಲಂನಲ್ಲಿ ಸ್ವಾಧೀನದಾರರು ಮತ್ತು ಅವರವರ ಪಾಲು. 11ರಲ್ಲಿ ಇತರೆ ಹಕ್ಕುಗಳು, ಬ್ಯಾಂಕಿನ ಸಾಲ. ಸಾಲ ತೆಗೆಯುವಾಗ, ಮಾರುವಾಗ, ಕೋರ್ಟಿಗೆ ಹೋಗುವಾಗ ರೈತರ ಕೈಯಲ್ಲಿ ಮೊದಲು ಇರಬೇಕಾದ ಕಾಗದ ಇದು.

ಒಂದು ಕಾಲಕ್ಕೆ ಈ ಲೆಕ್ಕ ಶಾನುಭೋಗರ ಮನೆಯಲ್ಲಿತ್ತು. ವಂಶಪಾರಂಪರ್ಯವಾಗಿ ಬಂದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆಯಿಂದ ರದ್ದುಮಾಡಿದ ಮೇಲೆ ಅದು ಗ್ರಾಮ ಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪುಸ್ತಕ ಅವರ ಕೈಯಲ್ಲಿ. ಸಿಕ್ಕಿದರೆ ಪಹಣಿ, ಸಿಗದಿದ್ದರೆ ಇನ್ನೊಂದು ದಿನ ಅಲೆಯಬೇಕು. ಅವರಲ್ಲಿ ಪ್ರಾಮಾಣಿಕರು ಬೇಕಾದಷ್ಟು ಮಂದಿ ಇದ್ದರು. ಆ ಮಾತನ್ನು ಹೇಳದೆ ಮುಂದೆ ಹೋಗುವುದು ತರವಲ್ಲ. ತೊಂದರೆ ಇದ್ದದ್ದು ಪುಸ್ತಕದ ಸ್ವಭಾವದಲ್ಲಿ. ಪುಸ್ತಕ ಯಾರು ಏನು ಬರೆದರೂ ಬರೆಸಿಕೊಳ್ಳುತ್ತದೆ. ಒಂದು ಸರ್ವೆ ನಂಬರಿನ ಪಾಲುಗಳೆಲ್ಲ ಕೂಡಿ ಮೂಲ ವಿಸ್ತೀರ್ಣವನ್ನು ಮೀರಿದರೂ ಅದು ತಡೆಯುವುದಿಲ್ಲ. ಹಳೆಯ ಹೆಸರನ್ನು ಹೊಡೆದು ಹೊಸದನ್ನು ಬರೆದರೆ ಯಾರು, ಯಾವಾಗ, ಯಾವ ಆದೇಶದ ಮೇಲೆ ಬರೆದರು ಎಂದು ತಾನಾಗಿ ಹೇಳುವುದಿಲ್ಲ.

ಇದನ್ನು ಕಂಪ್ಯೂಟರಿಗೆ ಹಾಕಿದ್ದು ಭೂಮಿ ಯೋಜನೆ. ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಕೂಡಿ ಈ ಶತಮಾನದ ಆರಂಭದಲ್ಲಿ ಅಂದಿನ 177 ತಾಲ್ಲೂಕುಗಳಲ್ಲಿ ಇದನ್ನು ನಡೆಸಿದವು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿ ದಾಖಲೆಗಳು ಕೈಬರಹದಿಂದ ಕಂಪ್ಯೂಟರಿಗೆ ಬಂದವು. ಆ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಸಾರಿತು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯಲ್ಲಿ ಇದು ಅತ್ಯಂತ ಧೈರ್ಯದ ಹೆಜ್ಜೆ. ಎರಡೂ ಚಾಲ್ತಿಯಲ್ಲಿ ಇದ್ದಿದ್ದರೆ ಒಂದೇ ಜಮೀನಿನ ಬಗ್ಗೆ ಎರಡು ಸತ್ಯಗಳು ಹುಟ್ಟುತ್ತಿದ್ದವು, ಎರಡನ್ನೂ ತೋರಿಸಿ ವ್ಯಾಜ್ಯ ಹೂಡುವವರು ಹುಟ್ಟುತ್ತಿದ್ದರು.

ಈಗ ಒಳಗೆ ಹೋಗೋಣ. ಕಂಪ್ಯೂಟರಿಗೆ ಹಾಕುವುದು ಎಂದರೆ ಪುಸ್ತಕದ ಪುಟವನ್ನು ಹಾಗೆಯೇ ಟೈಪ್ ಮಾಡುವುದೇ? ಮೊದಲ ದಿನಗಳಲ್ಲಿ ಲೋಕವೆಲ್ಲ ಹಾಗೆಯೇ ಮಾಡಿತು. ಒಂದೊಂದು ಪ್ರೋಗ್ರಾಮಿಗೂ ಅದರದೇ ಒಂದು ಫೈಲ್. ಕಂದಾಯದ ಲೆಕ್ಕಕ್ಕೆ ಒಂದು, ಸಾಲದ ಲೆಕ್ಕಕ್ಕೆ ಇನ್ನೊಂದು, ಬೆಳೆಗೆ ಮತ್ತೊಂದು. ಸಿದ್ದಪ್ಪ ಎಂಬ ರೈತರಿಗೆ ಮೂರು ಸರ್ವೆ ನಂಬರುಗಳಲ್ಲಿ ಜಮೀನಿದೆ ಎಂದಿಟ್ಟುಕೊಳ್ಳಿ. ಅವರ ಹೆಸರು, ವಿಳಾಸ, ತಂದೆಯ ಹೆಸರು ಎಲ್ಲ ಕಡೆಯೂ ಮತ್ತೆ ಮತ್ತೆ ಬರೆಯಲ್ಪಡುತ್ತದೆ. ಒಂದು ಕಡೆ ‘ಸಿದ್ದಪ್ಪ ಬಿನ್ ಮಲ್ಲಪ್ಪ’, ಇನ್ನೊಂದು ಕಡೆ ‘ಸಿದ್ಧಪ್ಪ’ ಎಂದು ಒತ್ತಕ್ಷರಕ್ಕೆ ಮಹಾಪ್ರಾಣ, ಮೂರನೆಯ ಕಡೆ ‘ಎಂ. ಸಿದ್ದಪ್ಪ’. ಊರಿನವರಿಗೆ ಇವರು ಒಬ್ಬರೇ. ಯಂತ್ರಕ್ಕೆ ಇವರು ಮೂವರು. ವಿಳಾಸ ಬದಲಾದಾಗ ಎರಡು ಕಡೆ ತಿದ್ದಿ ಮೂರನೆಯದನ್ನು ಬಿಟ್ಟರೆ ಯಾವುದು ಸರಿ ಎಂದು ಹೇಳುವವರೇ ಇಲ್ಲ.

ಆದ್ದರಿಂದ ಡೇಟಾಬೇಸ್ ಕಟ್ಟುವವರು ಮೊದಲು ಕಲಿಯುವ ಪಾಠ ಇದು: ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಜನರಿಗೆ ಒಂದು ಟೇಬಲ್. ಜಮೀನಿಗೆ ಒಂದು. ಯಾರಿಗೆ ಯಾವ ಜಮೀನಿನಲ್ಲಿ ಎಷ್ಟು ಪಾಲು ಎಂಬ ಸಂಬಂಧಕ್ಕೆ ಇನ್ನೊಂದು. ಸಾಲಕ್ಕೆ ಬೇರೆ, ಬೆಳೆಗೆ ಬೇರೆ. ಸಿದ್ದಪ್ಪನವರ ವಿವರ ಜನರ ಟೇಬಲ್‌ನಲ್ಲಿ ಒಂದೇ ಸಾಲು. ಉಳಿದ ಟೇಬಲ್‌ಗಳು ಅವರ ಹೆಸರನ್ನು ಮತ್ತೆ ಬರೆದುಕೊಳ್ಳದೆ ಅವರ ಗುರುತಿನ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಹೀಗೆ ಟೇಬಲ್‌ಗಳನ್ನು ಬಿಡಿಸಿ ಪುನರುಕ್ತಿ ತೆಗೆಯುವ ಕ್ರಮಕ್ಕೆ ನಾರ್ಮಲೈಸೇಷನ್ ಎಂದು ಹೆಸರು. ಪರೀಕ್ಷೆಗೆ ಓದುವ ಮಕ್ಕಳಿಗೆ ಇದರ ಮೊದಲ, ಎರಡನೇ, ಮೂರನೇ ರೂಪಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಅದರ ಹಿಂದಿರುವ ಕಾಳಜಿಯನ್ನು ಹೇಳಿಕೊಟ್ಟರೆ ಬಾಯಿಪಾಠ ಬೇಕಾಗುವುದಿಲ್ಲ.

ಒಂದೊಂದು ಸಾಲಿಗೂ ಅದನ್ನು ಬೇರೆಲ್ಲದರಿಂದ ಬೇರ್ಪಡಿಸುವ ಗುರುತು ಬೇಕು. ಇದು ಪ್ರೈಮರಿ ಕೀ. ಜಮೀನಿನ ಗುರುತು ಯಾವುದು? ಸರ್ವೆ ನಂಬರ್ 45 ಎಂದರೆ ಸಾಲದು, ಏಕೆಂದರೆ ಊರೂರಿಗೂ ಒಂದು 45 ಇದೆ. ಊರಿನ ಒಳಗೂ 45 ಒಡೆದು ಹಿಸ್ಸೆಗಳಾಗಿರುತ್ತವೆ. ಆದ್ದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಇಷ್ಟೂ ಸೇರಿದರೆ ಒಂದು ಜಮೀನು ಗುರುತಾಗುತ್ತದೆ. ಆನ್‌ಲೈನಿನಲ್ಲಿ ಪಹಣಿ ನೋಡಿದವರಿಗೆ ಈ ಪ್ರಶ್ನೆಗಳು ಒಂದಾದ ಮೇಲೊಂದು ಬರುವುದು ಗೊತ್ತು. ಬೇಸರದ ಪ್ರಶ್ನೆಗಳೆಂದು ತೋರಬಹುದು. ಅವು ಕೀಯ ತುಂಡುಗಳು. ಎಲ್ಲವೂ ಹೊಂದಿದ ಇನ್ನೊಂದು ಸಾಲನ್ನು ಸೇರಿಸಲು ಹೋದರೆ ಡಿಬಿಎಂಎಸ್ ಒಪ್ಪುವುದಿಲ್ಲ. ಹಾಗೆಯೇ ಜಮೀನಿನ ಟೇಬಲ್‌ನಲ್ಲಿ ಇಲ್ಲದ ಸರ್ವೆ ನಂಬರಿನ ಮೇಲೆ ಸಾಲ ದಾಖಲಿಸಲು ಹೋದರೂ ಒಪ್ಪುವುದಿಲ್ಲ. ಒಂದು ಟೇಬಲ್‌ನ ಸಾಲು ಇನ್ನೊಂದು ಟೇಬಲ್‌ನ ಸಾಲನ್ನು ಬೆರಳಿಟ್ಟು ತೋರಿಸುತ್ತದೆ, ಆ ಬೆರಳಿನ ತುದಿಯಲ್ಲಿ ನಿಜವಾಗಿ ಏನಾದರೂ ಇರಲೇಬೇಕು. ಇದು ಫಾರಿನ್ ಕೀ.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. 3 ಎಕರೆ 20 ಗುಂಟೆಯನ್ನು ಪಹಣಿಯಲ್ಲಿ 3, ಚುಕ್ಕೆ, 20 ಎಂದು ಬರೆಯುವುದು ವಾಡಿಕೆ. ಇದರಲ್ಲಿ 1 ಎಕರೆ 30 ಗುಂಟೆ ಮಾರಿದರು ಎನ್ನೋಣ. ಇವನ್ನು ಸಾಮಾನ್ಯ ದಶಮಾಂಶ ಎಂದು ತಿಳಿದ ಯಂತ್ರ ಕಳೆದು 1 ಚುಕ್ಕೆ 90 ಎಂದು ಹೇಳುತ್ತದೆ. 90 ಗುಂಟೆ ಎಂದರೇನು? 40 ಗುಂಟೆಗೆ ಒಂದು ಎಕರೆ. ಸರಿಯಾದ ಉತ್ತರ 1 ಎಕರೆ 30 ಗುಂಟೆ. ಹೊಲದ ಲೆಕ್ಕ ಗೊತ್ತಿದ್ದವರು ಮೇಜಿನ ಪಕ್ಕದಲ್ಲಿ ಇಲ್ಲದಿದ್ದರೆ ಅತ್ಯುತ್ತಮ ತಂತ್ರಾಂಶವೂ ಇಲ್ಲಿ ಎಡವುತ್ತದೆ. ಅದಕ್ಕೇ ಒಂದೊಂದು ಕಾಲಂನಲ್ಲೂ ಯಾವ ಬಗೆಯ ನಮೂದು ಇರಬಹುದು ಎಂದು ಮೊದಲೇ ವಿಧಿಸುತ್ತಾರೆ: ಗುಂಟೆ ಎಂದರೆ 0ಯಿಂದ 39ರ ಒಳಗೆ. 40 ಟೈಪ್ ಮಾಡಿದರೆ ಅದು ಒಳಗೆ ಬರುವುದಿಲ್ಲ.

ಇದೇ ಬಗೆಯ ದೊಡ್ಡ ನಿಯಮವೊಂದಿದೆ. 9ನೇ ಕಾಲಂನ ಪಾಲುಗಳ ಮೊತ್ತ 3ನೇ ಕಾಲಂನ ವಿಸ್ತೀರ್ಣಕ್ಕೆ ಸಮವಾಗಿರಬೇಕು. ತಾಲ್ಲೂಕು ಕಚೇರಿಗೆ ಅಲೆದವರಿಗೆ ‘3–9 ತಾಳೆ ಇಲ್ಲ’ ಎಂಬ ಮಾತು ಪರಿಚಿತ. ಹಳೆಯ ಪುಸ್ತಕದಲ್ಲಿ ಎಂದೋ ಬಿದ್ದ ತಪ್ಪು ಹಾಗೆಯೇ ಕಂಪ್ಯೂಟರಿಗೆ ಬಂದಿರುತ್ತದೆ. ಟೈಪ್ ಮಾಡುವಾಗ ಹೊಸದಾಗಿ ಸೇರಿದ ತಪ್ಪುಗಳೂ ಇರುತ್ತವೆ. ಇದನ್ನು ಕಂಡು ಕಂಪ್ಯೂಟರನ್ನು ಶಪಿಸುವವರಿದ್ದಾರೆ. ನಾನು ಬೇರೆ ರೀತಿ ನೋಡುತ್ತೇನೆ. ಕಾಗದದ ಕಟ್ಟಿನಲ್ಲಿ ಈ ತಪ್ಪು ಇತ್ತು, ಕಾಣುತ್ತಿರಲಿಲ್ಲ. ಈಗ ಒಂದೇ ಪ್ರಶ್ನೆಗೆ ಇಡೀ ತಾಲ್ಲೂಕಿನ ತಾಳೆಯಾಗದ ಸರ್ವೆ ನಂಬರುಗಳೆಲ್ಲ ಸಾಲಾಗಿ ಬರುತ್ತವೆ. ಕಂಡ ತಪ್ಪನ್ನು ತಿದ್ದಬಹುದು. ತಿದ್ದುವ ಖರ್ಚನ್ನೂ ಅಲೆದಾಟವನ್ನೂ ರೈತರ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ, ಏಕೆಂದರೆ ಆ ತಪ್ಪನ್ನು ಅವರು ಬರೆದದ್ದಲ್ಲ.

ಒಂದೇ ಪ್ರಶ್ನೆಗೆ ಎಂದೆ. ಹೀಗೆ ಪ್ರಶ್ನೆ ಕೇಳುವ ಭಾಗ್ಯ ನಮಗೆ ಸುಮ್ಮನೆ ಬಂದದ್ದಲ್ಲ.

1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚಾರ್ಲ್ಸ್ ಬಾಕ್‌ಮನ್ ಎಂಬವರು ದಾಖಲೆಗಳನ್ನು ಒಂದಕ್ಕೊಂದು ಕೊಂಡಿಯಿಂದ ಹೆಣೆದು ಇಡುವ ವ್ಯವಸ್ಥೆಯನ್ನು ಕಟ್ಟಿದರು. ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸುವ ಅಪೊಲೊ ಯೋಜನೆಯ ಅಗಾಧ ಬಿಡಿಭಾಗಗಳ ಪಟ್ಟಿಯನ್ನು ನಿಭಾಯಿಸಲು ಐಬಿಎಂ ಕಂಪನಿ ಐಎಂಎಸ್ ಎಂಬುದನ್ನು ರೂಪಿಸಿತು. 1968ರಲ್ಲಿ ಅದು ಕೆಲಸಕ್ಕೆ ಬಂತು. ಅದರಲ್ಲಿ ಮಾಹಿತಿ ವಂಶವೃಕ್ಷದಂತೆ ಮೇಲಿನಿಂದ ಕೆಳಕ್ಕೆ ಕವಲೊಡೆದಿತ್ತು. ಎರಡೂ ದೊಡ್ಡ ಸಾಧನೆಗಳೇ. ಆದರೆ ಏನಾದರೂ ಬೇಕೆಂದರೆ ಎಲ್ಲಿಂದ ಹೊರಟು ಯಾವ ಕೊಂಡಿ ಹಿಡಿದು ಎಲ್ಲಿಗೆ ಹೋಗಬೇಕು ಎಂದು ಪ್ರೋಗ್ರಾಮರ್ ದಾರಿ ಬರೆಯಬೇಕಿತ್ತು. ಮೊದಲೇ ಯೋಚಿಸದಿದ್ದ ಪ್ರಶ್ನೆ ಎದುರಾದರೆ ಹೊಸ ಪ್ರೋಗ್ರಾಮ್, ಒಮ್ಮೊಮ್ಮೆ ಹೊಸ ಹೆಣಿಗೆಯೇ ಬೇಕಾಗುತ್ತಿತ್ತು.

ಈ ತೊಡಕನ್ನು ಬಿಡಿಸಿದವರು ಎಡ್ಗರ್ ಕಾಡ್. ಅವರು ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಪೋರ್ಟ್‌ಲೆಂಡ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನ ನಡೆಸಿದವರು. ಗಣಿತ ಓದಿದವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ 1970ರ ಜೂನ್‌ನಲ್ಲಿ ಅವರ ಒಂದು ಲೇಖನ ಅಚ್ಚಾಯಿತು. ದೊಡ್ಡ ದೊಡ್ಡ ಮಾಹಿತಿ ಭಂಡಾರಗಳನ್ನು ಹಲವರು ಹಂಚಿಕೊಂಡು ಬಳಸಲು ಸಂಬಂಧಗಳ ಮಾದರಿ ಒಂದನ್ನು ಅವರು ಅದರಲ್ಲಿ ಮುಂದಿಟ್ಟರು. ಎಲ್ಲವನ್ನೂ ಟೇಬಲ್‌ಗಳಾಗಿ ನೋಡಿ; ಕೊಂಡಿ, ದಾರಿ ಯಾವುದೂ ಬಳಸುವವರಿಗೆ ಕಾಣಬೇಕಾಗಿಲ್ಲ; ಏನು ಬೇಕೆಂದು ಹೇಳಿದರೆ ಸಾಕು, ಹೇಗೆ ತರಬೇಕೆಂಬುದನ್ನು ಯಂತ್ರವೇ ಕಂಡುಕೊಳ್ಳಲಿ. ಸ್ಥೂಲವಾಗಿ ಅವರ ಮಾತಿನ ತಿರುಳು ಇಷ್ಟು. ಇದು ಗಣಿತದ ಗಣಸಿದ್ಧಾಂತದ ಮೇಲೆ ನಿಂತ ಮಾತಾಗಿತ್ತು.

ಐಬಿಎಂ ಕಂಪನಿಗೆ ಆತುರವಿರಲಿಲ್ಲ. ಐಎಂಎಸ್ ಚೆನ್ನಾಗಿ ಮಾರಾಟವಾಗುತ್ತಿತ್ತು. ಆದರೂ ಅದೇ ಪ್ರಯೋಗಾಲಯದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು ಕಾಡ್ ಅವರ ಗಣಿತವನ್ನು ಸಾಮಾನ್ಯರೂ ಬರೆಯಬಹುದಾದ ಒಂದು ಭಾಷೆಯಾಗಿಸಿದರು. 1974ರಲ್ಲಿ ಅದು ಬೆಳಕಿಗೆ ಬಂತು. ಬಾಯ್ಸ್ ಅದೇ ವರ್ಷ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಇತ್ತ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಮತ್ತು ಯುಜೀನ್ ವಾಂಗ್ ಇದೇ ಮಾದರಿಯ ಇಂಗ್ರೆಸ್ ಎಂಬ ಡಿಬಿಎಂಎಸ್ ಕಟ್ಟಿದರು. ಐಬಿಎಂನವರು ಪ್ರಕಟಿಸಿದ ಲೇಖನಗಳನ್ನು ಓದಿ ಲ್ಯಾರಿ ಎಲಿಸನ್ ಮತ್ತು ಗೆಳೆಯರು 1979ರಲ್ಲಿ ಒರಾಕಲ್ ಎಂಬ ಡಿಬಿಎಂಎಸ್ ಅನ್ನು ಮಾರುಕಟ್ಟೆಗೆ ತಂದರು. ಕಾಡ್ ಅವರಿಗೆ 1981ರಲ್ಲಿ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಬಂತು. ಐವತ್ತು ವರ್ಷಗಳಲ್ಲಿ ಕಂಪ್ಯೂಟರಿನ ಲೋಕದಲ್ಲಿ ಎಷ್ಟೋ ಭಾಷೆಗಳು ಬಂದು ಹೋದವು. ಎಸ್‌ಕ್ಯೂಎಲ್ ಮಾತ್ರ ಕದಲಿಲ್ಲ.

ಅದರ ಪ್ರಶ್ನೆ ಹೇಗಿರುತ್ತದೆ? ಸೆಲೆಕ್ಟ್, ಫ್ರಂ, ವೇರ್ ಎಂಬ ಮೂರು ಪದಗಳೇ ಅದರ ಬೆನ್ನೆಲುಬು. ಕನ್ನಡದಲ್ಲಿ ಹೇಳುವುದಾದರೆ: ಜಮೀನಿನ ಮತ್ತು ಪಾಲಿನ ಟೇಬಲ್‌ಗಳಿಂದ, ಈ ಗ್ರಾಮದ್ದಾಗಿದ್ದು ಪಾಲುಗಳ ಮೊತ್ತ ಒಟ್ಟು ವಿಸ್ತೀರ್ಣಕ್ಕೆ ಸರಿಹೊಂದದ ಸಾಲುಗಳ ಸರ್ವೆ ನಂಬರ್ ಕೊಡು. ಇಷ್ಟೇ. ಯಾವ ಡಿಸ್ಕಿನ ಯಾವ ಮೂಲೆಯಲ್ಲಿ ಹುಡುಕಬೇಕು ಎಂಬ ಒಂದು ಮಾತೂ ಇದರಲ್ಲಿಲ್ಲ. ಡಿಬಿಎಂಎಸ್ ಒಳಗೆ ಹಲವು ದಾರಿಗಳನ್ನು ತೂಗಿ ನೋಡಿ ಕಡಿಮೆ ಖರ್ಚಿನದನ್ನು ತಾನೇ ಆರಿಸಿಕೊಳ್ಳುತ್ತದೆ.

ಹುಡುಕುವ ವೇಗದ ಬಗ್ಗೆಯೂ ಒಂದೆರಡು ಮಾತು. 2 ಕೋಟಿ ದಾಖಲೆಗಳಲ್ಲಿ ಒಂದನ್ನು ಹುಡುಕಲು ಎಲ್ಲವನ್ನೂ ಓದುತ್ತ ಹೋದರೆ ರೈತರು ಕಿಟಕಿಯ ಮುಂದೆ ನಿಂತೇ ಇರಬೇಕಾಗುತ್ತದೆ. 1970ರ ಸುಮಾರಿಗೆ ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಇದಕ್ಕೆ ಬಿ-ಟ್ರೀ ಎಂಬ ಸೂಚಿಯ ಕ್ರಮವನ್ನು ಕೊಟ್ಟರು. ಒಂದು ಪುಟದಲ್ಲಿ 200 ಕವಲು ಎಂದುಕೊಳ್ಳಿ. ಆ 200ರಲ್ಲಿ ಒಂದನ್ನು ಹಿಡಿದರೆ ಮತ್ತೆ 200 ಕವಲು. ಹೀಗೆ ನಾಲ್ಕು ಹೆಜ್ಜೆ ಇಟ್ಟರೆ 160 ಕೋಟಿ ದಾಖಲೆಗಳಲ್ಲಿ ಒಂದಕ್ಕೆ ತಲುಪಬಹುದು. ನಮ್ಮ 2 ಕೋಟಿಗೆ ನಾಲ್ಕು ಹೆಜ್ಜೆ ಧಾರಾಳವಾಯಿತು.

ಈಗ ನನ್ನ ಪಾಲಿಗೆ ಈ ವಿದ್ಯೆಯ ಅತ್ಯಂತ ಸುಂದರವಾದ ಭಾಗಕ್ಕೆ ಬರುತ್ತೇನೆ. ಅದು ಟ್ರಾನ್ಸಾಕ್ಷನ್.

ಸಿದ್ದಪ್ಪನವರು 1 ಎಕರೆ 30 ಗುಂಟೆಯನ್ನು ಗೌರಮ್ಮನವರಿಗೆ ಮಾರಿದರು. ದಾಖಲೆಯಲ್ಲಿ ಎರಡು ಕೆಲಸ ಆಗಬೇಕು: ಇವರ ಪಾಲಿನಲ್ಲಿ ಕಳೆಯಬೇಕು, ಅವರ ಪಾಲಿಗೆ ಸೇರಿಸಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವ ಮುಂಚೆ ಕರೆಂಟ್ ಹೋಯಿತು. ಆ ಜಮೀನು ಈಗ ಯಾರದು? ಸಿದ್ದಪ್ಪನವರದಲ್ಲ, ಗೌರಮ್ಮನವರದೂ ಅಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕರೆಂಟ್ ಹೋಗುವುದು ಅಪರೂಪದ ಸಂಗತಿಯಲ್ಲ, ಆದ್ದರಿಂದ ಇದು ಊಹೆಯ ಪ್ರಶ್ನೆಯೂ ಅಲ್ಲ. ಡಿಬಿಎಂಎಸ್ ಈ ಎರಡು ಕೆಲಸಗಳನ್ನು ಒಂದು ಗಂಟಾಗಿ ಕಟ್ಟುತ್ತದೆ. ಆಗುವುದಾದರೆ ಎರಡೂ ಆಗಬೇಕು. ಇಲ್ಲವಾದರೆ ಎರಡೂ ಆಗಿಲ್ಲ. ನಡುವಣ ಸ್ಥಿತಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಸಾಧ್ಯವಾಗುವುದು ಲಾಗ್‌ನಿಂದ. ನಿಜವಾದ ದಾಖಲೆಯನ್ನು ಮುಟ್ಟುವ ಮುಂಚೆ, ಏನು ಮಾಡಲಿದ್ದೇನೆ, ಹಳೆಯ ನಮೂದು ಏನಿತ್ತು, ಹೊಸದು ಏನು ಎಂಬುದನ್ನು ಡಿಬಿಎಂಎಸ್ ಇನ್ನೊಂದು ಕಡೆ ಬರೆದುಕೊಳ್ಳುತ್ತದೆ. ಕರೆಂಟ್ ಬಂದು ಮತ್ತೆ ಎದ್ದಾಗ ಮೊದಲು ಈ ಲಾಗನ್ನು ಓದುತ್ತದೆ. ಮುಗಿದದ್ದೆಂದು ಮಾತು ಕೊಟ್ಟ ಕೆಲಸ ಡಿಸ್ಕಿಗೆ ಸೇರಿಲ್ಲದಿದ್ದರೆ ಮತ್ತೆ ಮಾಡಿ ಮುಗಿಸುತ್ತದೆ. ಅರ್ಧಕ್ಕೆ ನಿಂತದ್ದನ್ನು ಹಿಂದಕ್ಕೆ ತೆಗೆಯುತ್ತದೆ. ಟ್ರಾನ್ಸಾಕ್ಷನ್ನಿನ ತತ್ತ್ವವನ್ನು ಖಚಿತವಾಗಿ ನಿರೂಪಿಸಿದವರಲ್ಲಿ ಜಿಮ್ ಗ್ರೇ ಪ್ರಮುಖರು. 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಅವರು 2007ರಲ್ಲಿ ಒಬ್ಬರೇ ದೋಣಿಯಲ್ಲಿ ಸಮುದ್ರಕ್ಕೆ ಹೋದವರು ಮರಳಲಿಲ್ಲ. ಲಾಗ್ ಹಿಡಿದು ಚೇತರಿಸಿಕೊಳ್ಳುವ ಕ್ರಮಗಳಲ್ಲಿ ಬಹಳ ಪ್ರಸಿದ್ಧವಾದದ್ದು ಏರೀಸ್. ಐಬಿಎಂನ ಸಂಶೋಧಕರ ತಂಡ 1992ರಲ್ಲಿ ಅದನ್ನು ಪ್ರಕಟಿಸಿತು. ಆ ತಂಡದ ಮುಂದಾಳು ಸಿ. ಮೋಹನ್, ಮದರಾಸಿನ ಐಐಟಿಯಲ್ಲಿ ಓದಿದವರು. ಲೋಕದ ಎಷ್ಟೋ ಬ್ಯಾಂಕುಗಳ ಹಣ ಇಂದು ಆ ವಿಚಾರದ ಬಲದ ಮೇಲೆ ಸುರಕ್ಷಿತವಾಗಿದೆ. ಇಂಥವರ ಹೆಸರು ನಮ್ಮ ಶಾಲೆಗಳಲ್ಲಿ ಕೇಳಿಬರಬೇಕು.

ಏಕಕಾಲಕ್ಕೆ ಹಲವರು ಬಂದಾಗಿನ ಪ್ರಶ್ನೆಯೂ ಇದರ ಜೊತೆಗೇ ಇದೆ. 1980ರ ದಶಕದ ನಡುವಿನಲ್ಲಿ ರೈಲ್ವೆಯ ಮುಂಗಡ ಟಿಕೆಟ್ ದೆಹಲಿಯಲ್ಲಿ ಕಂಪ್ಯೂಟರಿಗೆ ಬಂದಾಗ ಜನ ಬೆರಗಾದದ್ದು, ಯಾವ ಕೌಂಟರಿಗೆ ಹೋದರೂ ಯಾವ ಗಾಡಿಯ ಟಿಕೆಟನ್ನಾದರೂ ಪಡೆಯಬಹುದಲ್ಲ ಎಂದು. ಅದುವರೆಗೆ ಗಾಡಿಗೊಂದು ಪುಸ್ತಕ, ಪುಸ್ತಕವಿದ್ದ ಕಿಟಕಿಯಲ್ಲೇ ಸರದಿ. ಈಗ ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಅದೇ ಬರ್ತನ್ನು ಖಾಲಿ ಎಂದು ಕಂಡರೆ? ಒಬ್ಬರ ಕೆಲಸ ಮುಗಿಯುವವರೆಗೆ ಆ ಸಾಲಿಗೆ ಬೀಗ ಬೀಳುತ್ತದೆ. ಎರಡನೆಯವರು ತಮಗೇ ಗೊತ್ತಾಗದಷ್ಟು ಹೊತ್ತು ಕಾಯುತ್ತಾರೆ, ಆಮೇಲೆ ಬೇರೆ ಬರ್ತ್ ಸಿಗುತ್ತದೆ.

ನಮ್ಮ ಭಾಷೆಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಬಹಳ ವರ್ಷ ಕನ್ನಡದ ಮಾಹಿತಿಯನ್ನು ಒಂದೊಂದು ತಂತ್ರಾಂಶದವರು ಒಂದೊಂದು ಸಂಕೇತದಲ್ಲಿ ಇಟ್ಟರು. ಪರದೆಯ ಮೇಲೆ ಅಕ್ಷರ ಚೆನ್ನಾಗಿ ಕಾಣುತ್ತಿತ್ತು. ಒಳಗೆ ಇದ್ದದ್ದು ಅಕ್ಷರದ ತುಂಡುಗಳ ಚಿತ್ರಕ್ಕೆ ಸಂಬಂಧಿಸಿದ ಸಂಖ್ಯೆಗಳು. ಅಂಥ ಮಾಹಿತಿಯನ್ನು ಅಕಾರಾದಿಯಾಗಿ ಜೋಡಿಸಲು ಹೋದರೆ ಕಲಸುಮೇಲೋಗರ, ಹುಡುಕಲು ಹೋದರೆ ಸಿಗುತ್ತಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಕನ್ನಡದ ಒಂದೊಂದು ಅಕ್ಷರಕ್ಕೂ ಲೋಕವೆಲ್ಲ ಒಪ್ಪಿದ ಒಂದು ಸಂಖ್ಯೆ ಸಿಕ್ಕಿತು. ಕನ್ನಡದಲ್ಲಿ ಡೇಟಾಬೇಸ್ ಕಟ್ಟುವ ಯಾವುದೇ ಕಚೇರಿ, ಸಂಘ, ಪ್ರಕಾಶನ ಇಂದು ಯೂನಿಕೋಡ್ ಬಿಟ್ಟು ಬೇರೆಯದನ್ನು ಬಳಸುವುದಕ್ಕೆ ಯಾವ ನೆಪವೂ ಉಳಿದಿಲ್ಲ. ಸಿದ್ದಪ್ಪ, ಸಿದ್ಧಪ್ಪ ಎಂಬ ತೊಡಕು ಮಾತ್ರ ಯೂನಿಕೋಡಿನಿಂದ ಬಗೆಹರಿಯುವುದಿಲ್ಲ. ಅದಕ್ಕೆ ಹೆಸರನ್ನು ಗುರುತಾಗಿ ನಂಬುವುದನ್ನೇ ಬಿಡಬೇಕು. ರಾಜ್ಯದ ಫ್ರೂಟ್ಸ್ ವ್ಯವಸ್ಥೆಯಲ್ಲಿ ರೈತರಿಗೆ ಎಫ್‌ಐಡಿ ಎಂಬ ಸಂಖ್ಯೆ ಕೊಟ್ಟು ಅವರ ಎಲ್ಲ ಪಹಣಿಗಳನ್ನು ಅದಕ್ಕೆ ಜೋಡಿಸುತ್ತಿರುವುದು ಈ ಕಾರಣಕ್ಕೆ. ಬೆಳೆಹಾನಿಯ ಪರಿಹಾರ ಯಾರ ಖಾತೆಗೆ ಹೋಗಬೇಕು ಎಂಬುದು ಈಗ ಆ ಸಂಖ್ಯೆಯ ಮೇಲೆ ನಿಂತಿದೆ.

ಇಷ್ಟೆಲ್ಲ ಒಲ್ಲೆ ಎನ್ನಬಲ್ಲ ಡಿಬಿಎಂಎಸ್ ಒಂದನ್ನು ಮಾತ್ರ ತಡೆಯಲಾರದು: ಸುಳ್ಳನ್ನು. ನಿಯಮಕ್ಕೆ ಹೊಂದುವ ಸುಳ್ಳು ಅದಕ್ಕೆ ಸತ್ಯದಂತೆಯೇ ಕಾಣುತ್ತದೆ. ತೀರಿಹೋದವರ ಹೆಸರಿನಲ್ಲಿ ಜಮೀನು ಇದ್ದರೆ ಕೀ ಸರಿಯಾಗಿದೆ, ವಿಸ್ತೀರ್ಣ ಸರಿಯಾಗಿದೆ, ಯಂತ್ರಕ್ಕೆ ತಕರಾರಿಲ್ಲ. ಇಲ್ಲಿ ಮನುಷ್ಯರು ಕಟ್ಟಿದ ಕಾವಲು ಬೇಕು. ಭೂಮಿ ಯೋಜನೆಯಲ್ಲಿ ಇಂಥ ಕೆಲವು ಕಾವಲುಗಳಿದ್ದವು. ದಾಖಲೆ ಬದಲಿಸುವ ಅಧಿಕಾರಿ ಪಾಸ್‌ವರ್ಡ್ ಮಾತ್ರವಲ್ಲದೆ ಬೆರಳಿನ ಗುರುತನ್ನೂ ಒತ್ತಬೇಕಾಗಿತ್ತು. ನಾನು ಮಾಡಿಲ್ಲ, ಯಾರೋ ನನ್ನ ಹೆಸರಿನಲ್ಲಿ ಮಾಡಿದರು ಎನ್ನುವಂತಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟುಮಾಡಿತ್ತು. ಹಿಂದಿನವರನ್ನು ಮುಂದೆ ತಳ್ಳುವ ಅವಕಾಶ ಮುಚ್ಚಿತು. ಇನ್ನೊಂದು, ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು: ಪಹಣಿ ಕೇಂದ್ರದಲ್ಲಿ ಎರಡು ಪರದೆ ಇಡಲಾಯಿತು, ಒಂದು ಕೆಲಸ ಮಾಡುವವರ ಕಡೆಗೆ, ಇನ್ನೊಂದು ರೈತರ ಕಡೆಗೆ. ಕಿಟಕಿಯ ಈಚೆ ನಿಂತವರೂ ತಮ್ಮ ದಾಖಲೆಯನ್ನು ಕಣ್ಣಾರೆ ನೋಡಬಹುದಿತ್ತು. ಎರಡನೆಯ ಪರದೆಯಲ್ಲಿ ತಾಂತ್ರಿಕವಾಗಿ ಹೊಸದೇನೂ ಇರಲಿಲ್ಲ. ದಾಖಲೆ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ದೊಡ್ಡದು.

ಟೇಬಲ್ ರೂಪಿಸುವುದನ್ನು ಕೇವಲ ಎಂಜಿನಿಯರುಗಳ ಕೆಲಸವೆಂದು ಬಿಟ್ಟುಬಿಡುವುದು ಸರಿಯಲ್ಲ ಎಂದು ನಾನು ಹೇಳುವುದು ಇದಕ್ಕೇ. ಯಾವುದಕ್ಕೆ ಕಾಲಂ ಇಲ್ಲವೋ ಅದನ್ನು ಸರ್ಕಾರ ಕೇಳಲಾರದು, ಎಣಿಸಲಾರದು, ಕೊನೆಗೆ ಕಾಣಲಾರದು. ಜಮೀನು ಒಬ್ಬರ ಹೆಸರಿನಲ್ಲಿದ್ದು ಉಳುವವರು ಬೇರೆಯವರಾಗಿದ್ದರೆ ಆ ಉಳುವವರಿಗೆ ಟೇಬಲ್‌ನಲ್ಲಿ ಜಾಗ ಬೇಕು. ಗಂಡ ಹೆಂಡತಿ ಇಬ್ಬರ ಜಂಟಿ ಖಾತೆಗೆ ಜಾಗ ಬೇಕು. ಮಳೆ ಕೈಕೊಟ್ಟ ವರ್ಷ ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಬರುತ್ತದೆ, ಯಾರದು ಬರುವುದಿಲ್ಲ ಎಂಬುದು ಎಂದೋ ಒಂದು ದಿನ ಯಾರೋ ಕುಳಿತು ಕಾಲಂಗಳನ್ನು ನಿರ್ಧರಿಸಿದಾಗಲೇ ಅರ್ಧ ತೀರ್ಮಾನವಾಗಿರುತ್ತದೆ.

ಕಾಡ್ ಅವರ ಸಂಬಂಧಗಳ ಮಾದರಿಯನ್ನು ಬಿಟ್ಟ ಡೇಟಾಬೇಸುಗಳೂ ಈಗ ಬಳಕೆಯಲ್ಲಿವೆ. ಗೂಗಲ್, ಅಮೆಜಾನ್‌ನಂಥ ಕಂಪನಿಗಳು ತಮ್ಮ ಅಗಾಧ ಕೆಲಸಕ್ಕಾಗಿ ಅವನ್ನು ರೂಪಿಸಿಕೊಂಡವು, ಕೆಲವು ಕಡೆ ನಿಯಮಗಳನ್ನು ಸಡಿಲಿಸಿ ವೇಗ ಪಡೆದವು. ಅವಕ್ಕೂ ಅವುಗಳ ಜಾಗ ಇದೆ. ಜಮೀನು, ಹಣ, ಔಷಧಿ, ಮತದಾರರ ಪಟ್ಟಿ ಇಂಥ ಕಡೆ ನಿಯಮ ಸಡಿಲಿಸುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ವಿದ್ಯೆ ಕಲಿಯಬೇಕೆನ್ನುವ ವಿದ್ಯಾರ್ಥಿಗಳು ಕೇಳುತ್ತಿದ್ದರೆ ಅವರಿಗೆ ಒಂದು ಮಾತು. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಇಂಥ ಡಿಬಿಎಂಎಸ್‌ಗಳು ಉಚಿತವಾಗಿ ಸಿಗುತ್ತವೆ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಆದರೆ ಕೀಲಿಮಣೆ ಮುಟ್ಟುವ ಮೊದಲು ನಿಮ್ಮ ಊರಿನ ಹಾಲಿನ ಡೇರಿಗೋ ಗ್ರಂಥಾಲಯಕ್ಕೋ ಹೋಗಿ, ಅಲ್ಲಿ ಲೆಕ್ಕ ಬರೆಯುವವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಏನನ್ನು ಬರೆಯುತ್ತಾರೆ, ಏನನ್ನು ಎರಡು ಸಲ ಬರೆಯುತ್ತಾರೆ, ಯಾವ ತಪ್ಪಿಗೆ ಹೆದರುತ್ತಾರೆ ಎಂದು ಕೇಳಿ. ಟೇಬಲ್‌ಗಳನ್ನು ಕಾಗದದ ಮೇಲೆ ಬರೆದು ಅವರಿಗೇ ತೋರಿಸಿ.

ಜಮೀನು ಇರುವ ಕೇಳುಗರಲ್ಲಿ ನನ್ನ ವಿನಂತಿ ಬೇರೆ. ನಿಮ್ಮ ಪಹಣಿಯನ್ನು ಒಮ್ಮೆ ತೆಗೆದು ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. 3 ಮತ್ತು 9ನೇ ಕಾಲಂ ತಾಳೆಯಾಗಿದೆಯೇ, ಹೆಸರು ಆಧಾರಿನಲ್ಲಿ ಇರುವಂತೆಯೇ ಇದೆಯೇ, ತೀರಿಸಿದ ಸಾಲ 11ನೇ ಕಾಲಂನಲ್ಲಿ ಇನ್ನೂ ಕುಳಿತಿದೆಯೇ ನೋಡಿ. ಖಾತೆ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲೇ ಇದ್ದರೆ ಮನೆಯವರೆಲ್ಲ ಕುಳಿತು ಮಾತಾಡಿ, ಹೆಣ್ಣುಮಕ್ಕಳ ಹೆಸರನ್ನೂ ಬಿಡದೆ ಸೇರಿಸಿ, ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ.